ಒರ್ವಿಯೆಟೊಗೆ ಒಬ್ಬರೇ ಹೊರಟಿದ್ದೀರಾ? ಮೊದಲು ಈ ಎರಡು ಪದ ಕಲಿತುಕೊಳ್ಳಿ

ರೋಮ್‌ನಿಂದ ಒರ್ವಿಯೆಟೊ ಅನ್ನೋ ಇಟಲಿಯ ಬೆಟ್ಟದೂರಿಗೆ ಬೆಳಿಗ್ಗೆ ಹೋಗಿ ಸಂಜೆ ಬರೋದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಟಿಕೆಟ್ 10 ಯೂರೊ ಒಳಗೆ. ಆದರೆ ನಾನು ಆ ಶುಕ್ರವಾರ 50 ಯೂರೊ ದಂಡ ಕಟ್ಟಿದೆ, ಸ್ಟೇಷನ್ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆ. ಎಲ್ಲಾ ಎರಡು ಇಟಾಲಿಯನ್ ಪದಗಳಿಂದ. ಒಂದು 'ಕೊನ್ವಾಲಿದಾ', ಇನ್ನೊಂದು 'ಶೋಪೆರೊ'. ಎರಡೂ ಬೆಳಿಗ್ಗೆಯೇ ನನ್ನ ಕಣ್ಣೆದುರಿಗೆ ಇದ್ದವು.

ರೋಮ್‌ನ ಟೆರ್ಮಿನಿ ಸ್ಟೇಷನ್‌ನ ಬೋರ್ಡಿನಲ್ಲಿ ನನ್ನ ರೈಲಿನ ಮುಂದೆ '2 ಎಸ್ಟ್' ಅಂತಿತ್ತು. ಎಸ್ಟ್ ಅಂದರೆ ಪೂರ್ವ. ನನಗದು ಗೊತ್ತಿರಲಿಲ್ಲ. ಸೀದಾ 2ನೇ ಪ್ಲಾಟ್‌ಫಾರ್ಮ್‌ಗೆ ಹೋಗಿ ನಿಂತೆ. ಅಲ್ಲಿದ್ದದ್ದು ಬೇರೆ ರೈಲು. 2 ಎಸ್ಟ್ ಇರೋದು ಸ್ಟೇಷನ್‌ನ ಇನ್ನೊಂದು ಕೊನೆಯಲ್ಲಿ, ನಡೆದರೆ ಹತ್ತು ನಿಮಿಷದ ದಾರಿ. ನನ್ನ ಹತ್ತಿರ ಉಳಿದಿದ್ದು ಆರು ನಿಮಿಷ. ಬ್ಯಾಗ್ ಎದೆಗೆ ಅವುಚಿಕೊಂಡು ಓಡಿದೆ. ಬಾಗಿಲು ಮುಚ್ಚುವ ಮೊದಲು ಹತ್ತಿಯೂ ಬಿಟ್ಟೆ.

ಓಡುವ ಭರದಲ್ಲಿ ದಾಟಿ ಬಂದಿದ್ದ ಪುಟ್ಟ ಪೆಟ್ಟಿಗೆಗಳೇ ಕೊನ್ವಾಲಿದಾ ಮಾಡುವ ಯಂತ್ರಗಳು. ಅಲ್ಲಿನ ಪ್ರಾದೇಶಿಕ ರೈಲುಗಳಿಗೆ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು. ಹತ್ತುವ ಮೊದಲು ಆ ಯಂತ್ರದ ಬಾಯಿಗೆ ಟಿಕೆಟ್ ತೂರಿಸಿ ತಾರೀಖು, ಸಮಯ ಅಚ್ಚು ಹಾಕಿಸಬೇಕು. ಹಾಕಿಸದಿದ್ದರೆ ಟಿಕೆಟ್ ಇದ್ದೂ ಇಲ್ಲದ ಲೆಕ್ಕ.

ಟಿಸಿ ಬಂದರು. ನನ್ನ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿದರು. ಖಾಲಿ ಅಂಚಿನ ಮೇಲೆ ಹೆಬ್ಬೆರಳಿನ ಉಗುರಿನಿಂದ ಎರಡು ಸಲ ಕುಟ್ಟಿದರು. ಮಾತೇ ಇಲ್ಲ. ನಾನು ಗಡಿಯಾರ ತೋರಿಸಿದೆ, ಓಡಿ ಬಂದೆ ಅಂತ ಕೈಕಾಲು ಆಡಿಸಿ ತೋರಿಸಿದೆ. ಪಕ್ಕದ ಸೀಟಿನ ಅಜ್ಜಿ ನನ್ನ ಪರವಾಗಿ ಏನೋ ಹೇಳಿದರು ಪಾಪ. ಅವರು ಅಜ್ಜಿಗೆ ನಗುನಗುತ್ತಾ ಉತ್ತರ ಕೊಟ್ಟು, ನನಗೆ ರಸೀದಿ ಹರಿದು ಕೊಟ್ಟರು. ಅಲ್ಲೇ ಕಟ್ಟಿದರೆ 50, ಆಮೇಲೆ ಕಟ್ಟಿದರೆ ಇನ್ನೂ ಜಾಸ್ತಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಟಿಕೆಟ್ ಮೇಲೇ ಬರೆದಿತ್ತು.

ಯಂತ್ರ ಕೆಟ್ಟಿದ್ದರೆ ಅಥವಾ ನನ್ನ ಹಾಗೆ ಓಡಿ ಹತ್ತಿದರೆ, ಪೆನ್ನಿನಿಂದ ತಾರೀಖು, ಸಮಯ ಬರೆದುಕೊಂಡು ನೀವೇ ಟಿಸಿಯನ್ನು ಹುಡುಕಿಕೊಂಡು ಹೋಗಿ. ಅವರು ನಿಮ್ಮ ಹತ್ತಿರ ಬರುವ ತನಕ ಕಾಯಬೇಡಿ. ಫೋನಿನಲ್ಲಿ ಕೊಂಡ ಟಿಕೆಟ್‌ಗೆ ಅಚ್ಚು ಬೇಡ, ಆದರೆ ಹತ್ತುವ ಮೊದಲು ಚೆಕ್-ಇನ್ ಒತ್ತಲೇಬೇಕು.

ಊರಿನ ಬಗ್ಗೆ ಮಾತ್ರ ದೂರಿಲ್ಲ. ಸ್ಟೇಷನ್ ಇರೋದು ಕೆಳಗೆ, ಊರು ಇರೋದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಬಂಡೆಯ ನೆತ್ತಿಯಲ್ಲಿ. ಸ್ಟೇಷನ್ ಎದುರಿಗೇ ಫ್ಯುನಿಕ್ಯುಲರ್ ಇದೆ, ಹಗ್ಗದಿಂದ ಎಳೆಯುವ ಪುಟ್ಟ ರೈಲು. ಕೆಲವೇ ನಿಮಿಷದಲ್ಲಿ ಮೇಲೆ. 1290ರಲ್ಲಿ ಶುರುವಾದ ಕಪ್ಪು ಬಿಳಿ ಪಟ್ಟೆಯ ಚರ್ಚ್ ಒಳಗೆ ಲೂಕಾ ಸಿನ್ಯೊರೆಲ್ಲಿ ಬರೆದ ಗೋಡೆಚಿತ್ರಗಳಿವೆ. ಅದರಲ್ಲಿ ಕ್ರಿಸ್ತನ ಹಾಗೇ ಕಾಣುವ ಒಬ್ಬ ಉಪದೇಶ ಮಾಡುತ್ತಿದ್ದಾನೆ, ಹಿಂದಿನಿಂದ ಸೈತಾನ ಅವನ ಕಿವಿಯಲ್ಲಿ ಮಾತು ಹೇಳಿಕೊಡುತ್ತಿದ್ದಾನೆ. ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ. ದಂಡ ಮರೆತೇ ಹೋಗಿತ್ತು.

ಫ್ಯುನಿಕ್ಯುಲರ್ ಪಕ್ಕದಲ್ಲೇ ಸೇಂಟ್ ಪ್ಯಾಟ್ರಿಕ್ ಬಾವಿ ಇದೆ. 1527ರಲ್ಲಿ ರೋಮ್ ಲೂಟಿಯಾದ ಮೇಲೆ ಇಲ್ಲಿಗೆ ಓಡಿಬಂದ ಪೋಪ್ 7ನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ಊರಿಗೆ ನೀರಿರಲಿ ಅಂತ ತೋಡಿಸಿದ್ದು. ಇಳಿಯೋದಕ್ಕೆ 248 ಮೆಟ್ಟಿಲು, ಹತ್ತೋದಕ್ಕೆ ಬೇರೆಯೇ ಮೆಟ್ಟಿಲ ಸಾಲು. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಬಾರದು ನೋಡಿ! ಪೋಪ್ ಮುತ್ತಿಗೆಗೆ ತಯಾರಾಗಿದ್ದರು. ನಾನು ಮುಷ್ಕರಕ್ಕೆ ತಯಾರಾಗಿರಲಿಲ್ಲ.

ಶೋಪೆರೊ ಅಂದರೆ ಮುಷ್ಕರ. ಬೆಳಿಗ್ಗೆ ಟೆರ್ಮಿನಿಯ ಬೋರ್ಡಿನ ಕೆಳಗೆ ಆ ಪದ ಹರಿದಾಡುತ್ತಲೇ ಇತ್ತು. ನನ್ನ ರೈಲು ಬಂದಿತ್ತಲ್ಲ, ಯಾರಿಗೆ ಬೇಕು ಅಂತ ಸುಮ್ನಿದ್ದೆ. ಮೂರೂವರೆ ಹೊತ್ತಿಗೆ ಕೆಳಗಿಳಿದು ಸ್ಟೇಷನ್‌ಗೆ ಬಂದೆ. ಒಂದು ಸಲ ಬುದ್ಧಿ ಬಂದಿತ್ತಲ್ಲ, ಮೊದಲು ಮಾಡಿದ ಕೆಲಸವೇ ವಾಪಸ್ ಟಿಕೆಟ್‌ಗೆ ಅಚ್ಚು ಹಾಕಿಸಿದ್ದು. 15:41 ಅಂತ ಚೆನ್ನಾಗಿ ಮೂಡಿತು. ಆಮೇಲೆ ತಲೆ ಎತ್ತಿ ಬೋರ್ಡ್ ನೋಡಿದೆ. ರೋಮ್ ರೈಲುಗಳ ಮುಂದೆಲ್ಲ 'ಕಾನ್ಚೆಲ್ಲಾತೊ'. ರದ್ದು!

ಈಗ ಗೊತ್ತಾಗಿದ್ದು ಇಷ್ಟು. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ನನ್ನ ಬೆಳಗಿನ ರೈಲು ಎಂಟು ಗಂಟೆಯದ್ದು, ಅದಕ್ಕೇ ಏನೂ ತಿಳಿಯಲಿಲ್ಲ. ಮುಷ್ಕರ ದಿಢೀರನೆ ಬರೋದೂ ಅಲ್ಲ. ಕನಿಷ್ಠ 10 ದಿನ ಮೊದಲೇ ನೋಟಿಸ್ ಕೊಡಬೇಕು, ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತೆ. ಎರಡು ನಿಮಿಷದ ಕೆಲಸ, ನಾನು ಮಾಡಿರಲಿಲ್ಲ.

ಇನ್ನೊಂದು ಯಡವಟ್ಟು ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಅಚ್ಚು ಬಿದ್ದ ಮೇಲೆ ಟಿಕೆಟ್ ನಡೆಯೋದು 4 ಗಂಟೆ ಮಾತ್ರ. 15:41ಕ್ಕೆ ಅಚ್ಚು ಬಿದ್ದಿದೆ, ರೈಲು ಬರೋದೇ ಆರರ ಮೇಲೆ. ನಿಮ್ಮ ರೈಲು ಹೊರಡುವುದು ಖಾತ್ರಿಯಾಗದೆ ಟಿಕೆಟ್ ಯಂತ್ರಕ್ಕೆ ಕೊಡಬೇಡಿ.

ಕೊನೆಗೂ ರೈಲು ಬಂತು, ಬಾಗಿಲ ತನಕ ಜನ. ದಾರಿಯುದ್ದಕ್ಕೂ ಟಿಕೆಟ್ ಕೈಯಲ್ಲೇ ಹಿಡಿದು ಗಡಿಯಾರ ನೋಡುತ್ತಾ ನಿಂತಿದ್ದೆ. ಟೆರ್ಮಿನಿಯಲ್ಲಿ ಇಳಿದಾಗ 19:35. ಟಿಕೆಟ್ ಕೇಳೋಕೆ ಯಾರೂ ಬರಲಿಲ್ಲ.