ಡಿಲನ್‌ರ ‘ರಫ್ ಆ್ಯಂಡ್ ರೌಡಿ ವೇಸ್’: ಎಲ್‌ಪಿಯೋ, ಸಿಡಿಯೋ, ಮೊಬೈಲೋ?

2012ರ ‘ಟೆಂಪೆಸ್ಟ್’ ಆದ ಮೇಲೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ತಾವೇ ಬರೆದ ಹೊಸ ಹಾಡುಗಳ ಆಲ್ಬಮ್ ‘ರಫ್ ಆ್ಯಂಡ್ ರೌಡಿ ವೇಸ್’ ಕೊಟ್ಟದ್ದು 2020ರ ಜೂನ್‌ನಲ್ಲಿ, 79 ತುಂಬಿದ ಮೇಲೆ. ನಡುವೆ ಮೂರು ಆಲ್ಬಮ್‌ಗಳಲ್ಲಿ ಹಳೆಯ ಅಮೆರಿಕನ್ ಹಾಡುಗಳನ್ನು ಹಾಡಿ ಹಾಡಿ ದನಿ ಚೆನ್ನಾಗಿ ಪಳಗಿತ್ತು. ಈ ಹೊಸ ಆಲ್ಬಮ್‌ನಲ್ಲಿ ಕೂಗಾಟವಿಲ್ಲ, ಮೈಕಿನ ಹತ್ತಿರವೇ ನಿಂತು ಅರ್ಧ ಮಾತು, ಅರ್ಧ ಹಾಡು. ಉಸಿರೂ ಕೇಳಬೇಕಾದ ಆಲ್ಬಮ್ ಇದು. ಅದಕ್ಕೇ ಯಾವುದರಲ್ಲಿ ಕೇಳುತ್ತೇವೆ ಅನ್ನುವುದು ಮುಖ್ಯ.

ಮೊಬೈಲ್‌ನಲ್ಲಿ ಕೇಳುವವರು ಮೊದಲು ಶಫಲ್ (ಹಾಡುಗಳ ಕ್ರಮ ಕಲಸುವುದು), ಕ್ರಾಸ್‌ಫೇಡ್ (ಒಂದರ ಕೊನೆಗೆ ಮುಂದಿನದನ್ನು ಬೆರೆಸುವುದು), ಆಟೋಪ್ಲೇ (ತಾನೇ ಬೇರೆ ಹಾಡು ಹಾಕುವುದು) ಮೂರನ್ನೂ ಆಫ್ ಮಾಡಿ. ಇಲ್ಲದಿದ್ದರೆ ಕೊನೆಯ ಹಾಡು ಮುಗಿದ ಕೂಡಲೇ ಇನ್ಯಾರದೋ ಗಿಟಾರ್ ನುಗ್ಗಿ ಎಲ್ಲ ಕೆಡಿಸುತ್ತದೆ. ಬ್ಲೂಟೂತ್‌ಗಿಂತ ವೈರ್ ಇಯರ್‌ಫೋನ್ ಮೇಲು.

ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ಗ್ರಾಮಫೋನ್ ತಟ್ಟೆ, ಇಲ್ಲಿ ಎರಡು ತಟ್ಟೆಗಳದು. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಕುರಿತ ‘ಮರ್ಡರ್ ಮೋಸ್ಟ್ ಫೌಲ್’ ಸುಮಾರು 17 ನಿಮಿಷ; ಅದೊಂದಕ್ಕೇ ನಾಲ್ಕನೇ ಬದಿ ಪೂರ್ತಿ. ಎದ್ದು ಹೋಗಿ ತಟ್ಟೆ ತಿರುಗಿಸುವ ಆ ಬಿಡುವು ಆ ಹಾಡಿಗೆ ಬೇಕೇ ಬೇಕು. ತೊಂದರೆ ಇರುವುದು ಮೂರನೇ ಬದಿಯಲ್ಲಿ. ಅದು 21 ನಿಮಿಷ ದಾಟುತ್ತದೆ, ಆಲ್ಬಮ್‌ನ ಅತಿ ನವಿರಾದ ‘ಕೀ ವೆಸ್ಟ್’ ಒಳಸುತ್ತಿಗೆ ಬಂದು ಕೂತಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು (ದನಿ ಕೊರೆದ ಗೆರೆ) ಹಾಯ್ದರೆ, ತೀರಾ ಒಳಗೆ 21ರ ಆಸುಪಾಸು. ಅಷ್ಟೇ ದನಿ ಕಡಿಮೆ ಜಾಗದಲ್ಲಿ ಇರುಕಿಕೊಂಡಾಗ ಸವೆದ ಸೂಜಿಗೆ ‘ಸ’ಕಾರಗಳು ಸಿಡಿಯುತ್ತವೆ, ಅಕಾರ್ಡಿಯನ್ ಒರಟಾಗುತ್ತದೆ. ಪ್ರೊಟ್ರಾಕ್ಟರ್ (ಕೋನ ಅಳೆಯುವ ಪಟ್ಟಿ) ಇಟ್ಟು ಕಾರ್ಟ್ರಿಜ್, ಅಂದರೆ ಸೂಜಿ ಕೂತ ಭಾಗದ, ಕೋನ ಸರಿಪಡಿಸಿ, ಸೂಜಿಯ ಭಾರವನ್ನು ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇಡಿ. ಭಾರ ಕಡಿಮೆ ಮಾಡಿದರೆ ತಟ್ಟೆ ಉಳಿಯುತ್ತದೆ ಅನ್ನುವುದು ತಪ್ಪು. ಸೂಜಿ ಕುಣಿದು ಗೀರನ್ನೇ ಹಾಳು ಮಾಡುತ್ತದೆ. ಇಷ್ಟು ಮಾಡಿದರೆ ‘ಬ್ಲ್ಯಾಕ್ ರೈಡರ್’ನಲ್ಲಿ ಸಾಲಿನ ಕೊನೆಗೆ ದನಿ ನೆಲಕ್ಕಿಳಿಯುವುದು ಎಲ್‌ಪಿಯಲ್ಲಿ ಕೇಳಿದಷ್ಟು ಹತ್ತಿರ ಬೇರೆಲ್ಲೂ ಕೇಳದು.

ಆದರೂ ಒಂದನ್ನೇ ಕೊಳ್ಳುವುದಾದರೆ ಸಿಡಿ. ಒಟ್ಟು 70 ನಿಮಿಷ ಒಂದೇ ಸಿಡಿಗೆ ಹಿಡಿಸುತ್ತಿತ್ತು. ಆದರೂ ಆ ಉದ್ದ ಹಾಡನ್ನು ಎರಡನೇ ಸಿಡಿಯಲ್ಲಿ ಒಂಟಿಯಾಗಿ ಇಟ್ಟಿದ್ದಾರೆ. ಎಲ್‌ಪಿಯ ಬಿಡುವೂ ಸಿಕ್ಕಿತು, ‘ಕೀ ವೆಸ್ಟ್’ ಕೂಡ ಶುಭ್ರ. ಕಂಪ್ಯೂಟರ್‌ಗೆ ಇಳಿಸಿಕೊಳ್ಳುವಾಗ ಡಿಸ್ಕ್ ನಂಬರ್ ತುಂಬುವುದು ಮರೆಯಬೇಡಿ. ಇಲ್ಲದಿದ್ದರೆ ಎರಡರಲ್ಲೂ ಟ್ರ್ಯಾಕ್ 1 ಇರುವುದರಿಂದ ಆ ಹಾಡು ಪಟ್ಟಿಯ ಆರಂಭಕ್ಕೆ ಜಿಗಿಯುತ್ತದೆ. ಕಾರಿನ ಪೆನ್‌ಡ್ರೈವ್‌ಗಾದರೆ ಫೈಲ್ ಹೆಸರನ್ನೇ 2-01 ಎಂದು ಶುರು ಮಾಡಿ.