ಅಟ್ಟಕ್ಕೆ ಒಬ್ಬರು, ಅಡುಗೆಮನೆಗೆ ಇನ್ನೊಬ್ಬರು

ತುಮಕೂರಿನ ಅಶೋಕನಗರದಲ್ಲಿ ಎರಡು ಬೆಡ್‌ರೂಮಿನ ಮನೆ. ಅತ್ತೆ, ನಾವಿಬ್ಬರು, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಊರಿಂದ ರಾಗಿ, ಹುರುಳಿ, ಕೊಬ್ಬರಿ ಬರುತ್ತಲೇ ಇರುತ್ತೆ. ಹೊರಗೆ ಹೋಗೋದು ಮಾತ್ರ ಏನೂ ಇಲ್ಲ. ಮನೆ ಒಪ್ಪ ಮಾಡೋಕೆ ಬೆಂಗಳೂರಿನ ಆರ್ಗನೈಸರ್‌ಗಳನ್ನೂ (ಮನೆ ಸಾಮಾನು ಜೋಡಿಸಿಕೊಡೋದೇ ಅವರ ಕೆಲಸ) ಕರೆಸಿದೆ, ಹಬ್ಬಕ್ಕೆ ಮನೆ ಕ್ಲೀನ್ ಮಾಡಿಕೊಡೋ ನಮ್ಮೂರಿನ ಅಕ್ಕನನ್ನೂ ಕರೆದೆ.

ಆರ್ಗನೈಸರ್‌ಗಳದ್ದು ಗಂಟೆ ಲೆಕ್ಕ. ಎಪ್ಪತ್ತು ಕಿಲೋಮೀಟರ್ ಬರೋ ಖರ್ಚು ಬೇರೆ, ಮೇಲೆ 18% ಜಿಎಸ್‌ಟಿ. ಆ ಒಂದು ದಿನದ ದುಡ್ಡಿಗೆ ಅಕ್ಕನನ್ನ ವಾರ ಇಟ್ಟುಕೊಳ್ಳಬಹುದು. ಆದರೆ ಅಡುಗೆಮನೆ ವಿಷಯದಲ್ಲಿ ಕೊಟ್ಟ ದುಡ್ಡು ಸಾರ್ಥಕ. ಮೊದಲು ನನ್ನ ಕೈಲಿ ಒಂದು ಒಗ್ಗರಣೆ ಹಾಕಿಸಿ, ಸುಮ್ಮನೆ ನಿಂತು ನೋಡಿದರು. ಸಾಸಿವೆ, ಇಂಗು, ಕರಿಬೇವು ಒಲೆಯ ಬಲಗಡೆಗೆ ಬಂತು. ಮುಚ್ಚಳ ಇಲ್ಲದ ಟಿಫಿನ್ ಡಬ್ಬಗಳೆಲ್ಲ ಆಚೆ. ಮಕ್ಕಳ ವಾಟರ್ ಬಾಟಲು ಕೆಳಗಿನ ಶೆಲ್ಫಿಗೆ. ಈಗ ಅವರೇ ತುಂಬಿಕೊಳ್ಳುತ್ತಾರೆ. ಖಾತೆ, ಕಂದಾಯದ ರಸೀದಿ, ಮಾರ್ಕ್ಸ್ ಕಾರ್ಡ್ ಎಲ್ಲಕ್ಕೂ ಬೇರೆ ಬೇರೆ ಫೈಲ್ ಮಾಡಿಕೊಟ್ಟರು.

ಎಡವಿದ್ದು ಅತ್ತೆಯ ಬೀರುವಿನಲ್ಲಿ. ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸ್‌ಗಳ ಗಂಟನ್ನ 'ದಾನಕ್ಕೆ' ಅಂತ ಎತ್ತಿಟ್ಟರು. "ಶ್ರಾವಣಕ್ಕೆ ಯಾರಿಗಾದ್ರೂ ಕೊಡೋಕೆ ಬೇಕಲ್ಲಮ್ಮಾ" ಅಂತ ಅತ್ತೆ ವಾಪಸ್ ಇಡಿಸಿದರು. ಆಮೇಲೆ ಆ ರೂಮಿಗೆ ಅವರನ್ನ ಬಿಡಲೇ ಇಲ್ಲ! ಆರ್ಗನೈಸರ್‌ಗಳು ಬೇಡದ್ದನ್ನೆಲ್ಲ ಚೀಲಕ್ಕೆ ಕಟ್ಟಿ ಹಾಲ್‌ನಲ್ಲಿಟ್ಟು ಹೊರಟರು. ಸಾಗಿಸೋದು ನಮ್ಮ ಪಾಡು.

ಅಕ್ಕನಿಗೆ ದಿನಗೂಲಿ, ಊಟ ತಿಂಡಿ. ಮಗನನ್ನ ಅಟ್ಟ ಹತ್ತಿಸಿ, ಒಂದೊಂದೇ ಪಾತ್ರೆ ಇಳಿಸಿ ಅತ್ತೆಯನ್ನೇ ಕೇಳಿದಳು: "ಅಮ್ಮಾ, ಇದು ಯಾವ ಹಬ್ಬಕ್ಕೆ?" ಹಬ್ಬದ ಹೆಸರು ಬಾಯಿಗೆ ಬರದ್ದನ್ನ ಅತ್ತೆಯೇ "ತಗೊಂಡೋಗು" ಅಂದರು. ಗುಜರಿಯವನನ್ನ ಗೇಟಿಗೇ ಕರೆಸಿದಳು. ಸಂಜೆಗೆ ಅಟ್ಟ ಖಾಲಿ. ಕಾಗದಪತ್ರ ಮಾತ್ರ ಅವಳ ಕೈಗೆ ಬೇಡ: ಪಾಲಿಸಿ ಬಾಂಡು, ಹಳೇ ನೋಟ್‌ಬುಕ್ಕು ಎಲ್ಲ ಒಂದೇ ದಾರಕ್ಕೆ ಕಟ್ಟಿಬಿಡ್ತಾಳೆ.

ನಿಮ್ಮದು ಅತ್ತೆ-ಮಾವ ಇರೋ ಮನೆ, ಒಬ್ಬರನ್ನೇ ಕರೆಸೋಕೆ ಆಗೋದು ಅಂದ್ರೆ ನನ್ನ ಓಟು ಅಕ್ಕನಿಗೆ. ಜೊತೆಗೆ ಮನೆಯವರು ಒಬ್ಬರು ಕೂತಿರಬೇಕು. ಇಬ್ಬರೂ ಕೆಲಸಕ್ಕೆ ಹೋಗ್ತೀರಿ, ಕೂರೋಕೆ ಯಾರೂ ಇಲ್ಲ ಅಂದ್ರೆ ಆರ್ಗನೈಸರ್‌ಗಳನ್ನ ಅಡುಗೆಮನೆ, ಕಾಗದಪತ್ರಕ್ಕೆ ಅಂತ ಒಂದೇ ದಿನಕ್ಕೆ ಕರೆಸಿ. ಪ್ಲಾಸ್ಟಿಕ್ ಡಬ್ಬಗಳನ್ನ ಅವರ ಕೈಲಿ ತರಿಸಬೇಡಿ, ಬಿಲ್ಲು ಅಲ್ಲೇ ಏರೋದು. ಅಳತೆ ಬರೆಸಿಕೊಂಡು ಇಲ್ಲೇ ಪೇಟೆಯಲ್ಲಿ ತಗೊಳ್ಳಿ.