ಸಂತೆಪೇಟೆಯ ಬೋರ್ಡಿಲ್ಲದ ಸೈಕಲ್ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್, ಒಂದು ಎಣ್ಣೆಗೆ ಹೋಯ್ತು

ಈ ಅಂಗಡಿಗೆ ಬೋರ್ಡಿಲ್ಲ. ಒಂದು ಕಾಲಕ್ಕೆ ಇತ್ತಂತೆ. ಗಾಳಿಮಳೆಗೆ ಬಿದ್ದಿದ್ದನ್ನು ಯಜಮಾನ್ರು ಮತ್ತೆ ಏರಿಸುವ ಗೋಜಿಗೆ ಹೋಗಲಿಲ್ಲ. ಆ ತಗಡು ಈಗ ಪಂಚರ್ ನೋಡುವ ನೀರಿನ ಬಾಂಡ್ಲಿಗೆ ಮುಚ್ಚಳ. ಹಾಗಾಗಿ ಹಾಸನದ ಸಂತೆಪೇಟೆ ಕಡೆ ಬಂದರೆ ‘ಮೊದಲು ಬಾಡಿಗೆ ಸೈಕಲ್ ಕೊಡ್ತಿದ್ರಲ್ಲ, ಆ ಅಂಗಡಿ ಎಲ್ಲಿ’ ಅಂತ ನಲವತ್ತು ದಾಟಿದ ಯಾರನ್ನಾದರೂ ಕೇಳಿ. ಹುಡುಗರನ್ನು ಕೇಳಿದರೆ ಮೊಬೈಲ್ ತೆಗೆದು ನೋಡಿ ಅಂಥದ್ದು ಯಾವುದೂ ಇಲ್ಲ ಅಂತಾರೆ.

ನಾನು ಅಂಚೆ ಕಚೇರಿ ಕೌಂಟರಿನಲ್ಲಿ ಕೂರುವವಳು. ನನ್ನ ಜೊತೆ ಇನ್ನಿಬ್ಬರು: ಹೈಸ್ಕೂಲಿನಿಂದ ಗೆಳತಿಯಾಗಿರುವ ಒಬ್ಬಳು ಸ್ಟಾಫ್ ನರ್ಸು, ಮತ್ತೆ ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು. ಮೂವರೂ ನಲವತ್ತು ಮೀರಿದವರು. ಕಳೆದ ವರ್ಷ ಯಾವ ಗಳಿಗೆಯಲ್ಲೋ ಟ್ರಯಾತ್ಲಾನ್ ಮಾಡೋಣ ಅಂತ ಮಾತಾಡಿಕೊಂಡು, ಸ್ಪ್ರಿಂಟ್ ಅನ್ನುವ ಚಿಕ್ಕ ದೂರಕ್ಕೆ ಹೆಸರು ಬರೆಸಿದೆವು. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನಡುವೆ ಉಸಿರು ಬಿಡೋಕೂ ಬಿಡುವಿಲ್ಲ. ನೀರಿಂದ ಎದ್ದು ಸೈಕಲ್ ಹತ್ತುವವರೆಗೆ ಹಿಡಿಯುವ ಹೊತ್ತೂ ಲೆಕ್ಕಕ್ಕೆ ಸೇರುತ್ತೆ.

ಇದನ್ನು ಯಜಮಾನ್ರಿಗೆ ಮೊದಲ ಸಲ ವಿವರಿಸಿದಾಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

‘ಮೂರೂ ಒಂದೇ ದಿನವಾ?’

‘ಒಂದೇ ಬೆಳಗ್ಗೆ.’

‘ಯಾಕಮ್ಮಾ, ಡಾಕ್ಟ್ರು ಹೇಳಿದ್ರಾ?’

ಮೇಷ್ಟ್ರು ಸುಮ್ಮನಿರಬೇಕಲ್ಲ. ಇದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲೇ ಸೇರಿದೆ, ಅಲ್ಲಿ ಒಂದೂವರೆ ಕಿಲೋಮೀಟರ್ ಈಜು, 40 ಸೈಕಲ್, 10 ಓಟ, ನಮ್ಮದು ಸರಿಯಾಗಿ ಅದರ ಅರ್ಧ ಅಂತ ಪಾಠ ಶುರು ಮಾಡಿದರು. ಯಜಮಾನ್ರು ಪೂರ್ತಿ ಕೇಳಿಸಿಕೊಂಡು ‘ಅರ್ಧಾನೇ ಸಾಕು ಬುಡಿ’ ಅಂದು ಸ್ಪ್ಯಾನರ್ ಎತ್ತಿಕೊಂಡರು.

ನಾನು ಅಲ್ಲಿಗೆ ಹೋಗಿದ್ದು ಬೇರೆ ದಾರಿ ಇಲ್ಲದೆ. ನನ್ನದು ಸೆಕೆಂಡ್ ಹ್ಯಾಂಡ್ ಸೈಕಲ್ಲು, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿರುವ ಜಾತಿಯದು. ಈಜುಕೊಳದ ಹೊರಗೆ ನಿಲ್ಲಿಸಿದ್ದಾಗ ಯಾರದೋ ಸ್ಕೂಟರ್ ತಾಗಿ ಬಲಮಗ್ಗುಲಿಗೆ ಬಿತ್ತು. ನೋಡಿದರೆ ಒಂದು ಗೀರೂ ಇಲ್ಲ. ಆದರೆ ದಿಣ್ಣೆ ಹತ್ತಲು ಚೈನನ್ನು ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಹಾಕಿದ ತಕ್ಷಣ ಕಡ್ಡಿಗಳಿಗೆ ಏನೋ ತಾಗಿ ಟರ್ರ್ ಅಂತ ಸದ್ದು. ಒಂದು ದೊಡ್ಡ ಶೋರೂಮಿಗೆ ತಳ್ಳಿಕೊಂಡು ಹೋದೆ. ‘ನಮ್ಮಲ್ಲಿ ತಗೊಂಡಿದ್ದಲ್ಲ’ ಅಂತ ಮೊದಲು ಮುಖ ಸಿಂಡರಿಸಿದರು. ಆಮೇಲೆ ಗೇರ್ ಸೆಟ್ ಪೂರ್ತಿ ಹೋಗಿದೆ, 4,800 ರೂಪಾಯಿ ಆಗುತ್ತೆ, ಹತ್ತು ದಿನ ಬೇಕು ಅಂದರು. ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ನೋಡಲೂ ಇಲ್ಲ. ನರ್ಸಮ್ಮನೇ ‘ನಾವು ಬಾಡಿಗೆಗೆ ತಗೋತಿದ್ವಲ್ಲ, ಅವರು ಇನ್ನೂ ಅಂಗಡಿ ತೆಗೀತಾರೆ ಕಣೇ’ ಅಂತ ನೆನಪು ಮಾಡಿದ್ದು.

ಯಜಮಾನ್ರು ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಷ್ಟು ಅಲ್ಯೂಮಿನಿಯಂ ತುಂಡೊಂದಿದೆ, ಹ್ಯಾಂಗರ್ ಅಂತಾರೆ. ಸೈಕಲ್ ಬಿದ್ದಾಗ ಫ್ರೇಮ್ ಉಳಿಯಲಿ, ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ಒಳಕ್ಕೆ ವಾಲಿತ್ತು, ಅಷ್ಟೇ. ಡಿರೇಲರ್ ಬಿಚ್ಚಿ ಪಕ್ಕಕ್ಕಿಟ್ಟರು. ಅಟ್ಟದಿಂದ ಯಾವುದೋ ಹಳೇ ಗೇರ್ ಸೈಕಲ್ಲಿನ ಹಿಂಗಾಲಿ ಇಳಿಸಿ, ಅದರ ಆಕ್ಸಲ್ ತುದಿಯನ್ನು ಹ್ಯಾಂಗರಿನ ತೂತಿಗೆ ತಿರುಗಿಸುತ್ತಾ ಹೋದರು. ಎರಡರ ತಿರುಪಿನ ಗೆರೆಯೂ ಒಂದೇ ಅಳತೆ, ಸಲೀಸಾಗಿ ಕೂತಿತು. ಈಗ ನನ್ನ ಗಾಲಿಯ ಮಗ್ಗುಲಿಗೇ ಇನ್ನೊಂದು ಗಾಲಿ, ಜೋಡಿ ಚಕ್ರದ ಹಾಗೆ. ಮುರಿದ ಕಡ್ಡಿಯೊಂದನ್ನು ಅಳತೆಗೆ ಕತ್ತರಿಸಿಕೊಂಡು ಎರಡು ರಿಮ್ಮುಗಳ ನಡುವೆ ಹಿಡಿದು ನೋಡಿದರು. ಕೆಳಗೆ ಸರಿ ಇತ್ತು, ಮೇಲೆ ಒಂದು ಬೆರಳು ಹೆಚ್ಚು. ಹೊರಗಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿನ ತಲೆ ತಿರುಗಿಸುವಷ್ಟು ನಿಧಾನಕ್ಕೆ ಒತ್ತಿದರು. ಮತ್ತೆ ಕಡ್ಡಿ ಹಿಡಿದರು, ಮತ್ತೆ ಒತ್ತಿದರು. ಮೇಲೆ, ಕೆಳಗೆ, ಹಿಂದೆ, ಮುಂದೆ, ನಾಲ್ಕೂ ಕಡೆ ಕಡ್ಡಿ ಒಂದೇ ಸಮ ಕೂರುವವರೆಗೆ ಬಿಡಲಿಲ್ಲ.

ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದೆ. ‘ಡೊಂಕಾಗಿರೋದು ನೆಟ್ಟಗಾಗ್ಬೇಕು ಅಷ್ಟೇ ಅಲ್ವೇನಮ್ಮಾ? ಅದಕ್ಕೂ ಯಾರಾದ್ರೂ ಹೇಳಿಕೊಡ್ಬೇಕಾ?’ ಅಂದರು. ಬಿಲ್ಲು 150 ರೂಪಾಯಿ. ಜೊತೆಗೊಂದು ಎಚ್ಚರಿಕೆ: ‘ಇದು ಕಬ್ಣ ಅಲ್ಲ. ಇನ್ನೊಂದು ಕಿತ ಬಗ್ಗಿದ್ರೆ ಮುರೀತದೆ. ಈ ತುಂಡು ಹೊಸದು ತರಿಸಿ ಇಟ್ಕೊಂಡಿರಿ.’ ತರಿಸಿ ಇಟ್ಟುಕೊಂಡಿದ್ದೇನೆ. ಹ್ಯಾಂಗರ್ ಒಂದೊಂದು ಮಾಡೆಲ್ಲಿಗೂ ಬೇರೆ ಬೇರೆ ಇರುತ್ತೆ, ಹಾಸನದಲ್ಲಿ ಸಿಗದಿದ್ದರೆ ಅಂಗಡಿಯವರನ್ನು ಬೈಯಬೇಡಿ, ನಿಮ್ಮ ಸೈಕಲ್ಲಿನದನ್ನು ಮೊದಲೇ ಆರ್ಡರ್ ಮಾಡಿಕೊಳ್ಳಿ.

ಹಾಗಂತ ಅವರಿಗೆ ಎಲ್ಲಾ ಗೊತ್ತು ಅಂದುಕೊಳ್ಳಬೇಡಿ. ನನ್ನ ಟ್ಯೂಬಿನ ಮೂತಿ ಪ್ರೆಸ್ಟಾ ಅನ್ನುವ ಸಪೂರ ಜಾತಿಯದು. ಅದರ ತುದಿಯ ಪುಟ್ಟ ನಟ್ಟು ಸಡಿಲಿಸಿ, ಪಿನ್ನನ್ನು ಒಮ್ಮೆ ಒತ್ತಿ ಬಿಟ್ಟು ಆಮೇಲೆ ಗಾಳಿ ಹೊಡೀಬೇಕು. ಯಜಮಾನ್ರು ಸ್ಕೂಟರಿನ ವಾಲ್ವಿಗೆ ಹಾಕುವ ಹಾಗೆ ಪಂಪಿನ ಮೂತಿ ಒತ್ತಿದರು, ಪಿನ್ನು ಬಗ್ಗಿ ಟುಸ್ ಅಂತು. ಟ್ಯೂಬ್ ಕೆಲಸಕ್ಕೆ ಬಾರದ ಹಾಗಾಯ್ತು. ದುಡ್ಡು ಕೊಡ್ತೀನಿ ಅಂತ ಹಟ ಹಿಡಿದರು, ನಾನು ತಗೊಳ್ಳಲಿಲ್ಲ. ಹಾಗಾದ್ರೆ ಸತ್ತಿರೋ ಟ್ಯೂಬನ್ನ ಇಲ್ಲೇ ಬುಟ್ಟೋಗಿ ಅಂದರು. ಮುಂದಿನ ವಾರ ಹೋದಾಗ ಆ ಮೂತಿಯನ್ನು ಬಿಚ್ಚಿ, ಬಗ್ಗಿದ ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು ‘ಇದ್ರೊಳಗೆ ಸ್ಪ್ರಿಂಗೇ ಇಲ್ಲ ಕಣಮ್ಮಾ, ಒಳಗಿನ ಗಾಳೀನೇ ಇದನ್ನ ಮುಚ್ಕೊಂಡಿರೋದು’ ಅಂತ ನನಗೇ ಪಾಠ ಹೇಳಿದರು. ಆಮೇಲೆ ಒಂದು ಸಲವೂ ತಪ್ಪಿಲ್ಲ. ಆದರೂ ನೀವು ಹೋಗುವಾಗ ಆ ಮೂತಿಗೆ ಸಿಗಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಲ್ಲಿರಲಿ. ಅದಿದ್ದರೆ ಯಾವ ಊರಿನ ಯಾವ ಸ್ಕೂಟರ್ ಪಂಪಿನಲ್ಲೂ ಗಾಳಿ ಹಿಡಿಸಬಹುದು.

ಈಗ ಎಣ್ಣೆ ವಿಷಯ. ಯಜಮಾನ್ರಿಗೆ ಎಣ್ಣೆ ಅಂದರೆ ಪ್ರಸಾದ, ಬಂದವರಿಗೆಲ್ಲ ಕೈ ತುಂಬಾ ಹಂಚುತ್ತಾರೆ. ನಮ್ಮ ಕಡೆ ಮುಂಗಾರಿನಲ್ಲಿ ಚೈನಿಗೆ ತುಕ್ಕು ಹಿಡಿಯೋದೂ ನಿಜ, ಆದರೆ ಕ್ಯಾನ್ ಓಡಿಸುವಾಗ ರಿಮ್ಮಿನ ಮೇಲೆ ಎಷ್ಟು ಬಿತ್ತು ಅಂತ ನೋಡಬೇಕಿತ್ತು. ನನ್ನದು ಡಿಸ್ಕ್ ಬ್ರೇಕಲ್ಲ, ರಬ್ಬರ್ ಕಟ್ಟೆ ರಿಮ್ಮನ್ನೇ ಹಿಡಿಯುವ ಹಳೇ ಪದ್ಧತಿ. ಭಾನುವಾರ ಬೆಳಗ್ಗೆ ಮೂವರೂ ಗೊರೂರಿನ ಹೇಮಾವತಿ ಅಣೆಕಟ್ಟೆ ಕಡೆ ಹೊರಟಿದ್ದೆವು. ಹೋಗಿಬಂದರೆ ಸುಮಾರು 50 ಕಿ.ಮೀ. ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ, ಸೈಕಲ್ ಕೇಳಲೇ ಇಲ್ಲ. ಎದುರಿಗೆ ಎಮ್ಮೆ. ನಾನು ಕಿರುಚಿದ್ದಕ್ಕೋ ಏನೋ, ಎಮ್ಮೆಯೇ ದೊಡ್ಡಮನಸ್ಸು ಮಾಡಿ ಪಕ್ಕಕ್ಕೆ ಸರಿಯಿತು. ಎರಡೂ ಕಾಲು ನೆಲಕ್ಕೆ ಎಳೆಯುತ್ತಾ ಹೋಗಿ ನಿಂತಾಗ ಶೂವಿನ ತಳದಿಂದ ಸುಟ್ಟ ವಾಸನೆ. ಮುಂದಿನ ಟೀ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಸೋಪು ಕೇಳಿ ಇಸಕೊಂಡು ರಿಮ್ ತಿಕ್ಕಿದೆವು. ಮೇಷ್ಟ್ರು ಅಲ್ಲೂ ‘ಜಿಡ್ಡಿಗೂ ನೀರಿಗೂ ಆಗಿಬರಲ್ಲ, ಸೋಪೇ ಬೇಕು’ ಅಂತ ವಿಜ್ಞಾನ ಹೇಳುತ್ತಿದ್ದರು. ನರ್ಸಮ್ಮ ನನ್ನ ನಾಡಿ ಹಿಡಿದು ವಾಚು ನೋಡುತ್ತಿದ್ದಳು.

ಸೋಮವಾರ ಹೋಗಿ ಯಜಮಾನ್ರಿಗೆ ಹೇಳಿದೆ. ಸಮಜಾಯಿಷಿ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬ್ರೇಕ್ ಕಟ್ಟೆ ನಾಲ್ಕನ್ನೂ ಬಿಚ್ಚಿ ಉಪ್ಪು ಕಾಗದದಲ್ಲಿ ಉಜ್ಜಿ, ಹೊಸ ರಬ್ಬರ್ ಕಾಣಿಸುವವರೆಗೆ ತೆಗೆದು ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಅವತ್ತಿನಿಂದ ಎಣ್ಣೆ ಹಾಕುವಾಗ ರಿಮ್ಮಿಗೆ ಬಟ್ಟೆ ಅಡ್ಡ ಹಿಡಿಯುತ್ತಾರೆ. ಆದರೂ ಒಂದು ಸ್ಟಾರ್ ಕಳೆದೇ ಕಳೆಯುತ್ತೇನೆ, ಎಮ್ಮೆ ಸರಿಯದೇ ಇದ್ದಿದ್ದರೆ ಈ ವಿಮರ್ಶೆ ಬರೆಯುವವರೇ ಇರುತ್ತಿರಲಿಲ್ಲ.

ಉಳಿದ ನಾಲ್ಕು ಸ್ಟಾರ್ ಪಂಚರ್ ಪಾಠಕ್ಕೆ. ಟ್ರಯಾತ್ಲಾನಿನಲ್ಲಿ ನಡುದಾರಿಯಲ್ಲಿ ಗಾಳಿ ಹೋದರೆ ಗೆಳೆಯರೋ ಮನೆಯವರೋ ಓಡಿಬಂದು ರಿಪೇರಿ ಮಾಡುವ ಹಾಗಿಲ್ಲ, ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಇದನ್ನು ಕೇಳಿದ್ದೇ ತಡ, ಯಜಮಾನ್ರು ಮೂವರನ್ನೂ ಅಂಗಡಿ ಮುಂದಿನ ಕಟ್ಟೆ ಮೇಲೆ ಕೂರಿಸಿಬಿಟ್ಟರು. ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು, ನಮ್ಮ ಪೋಸ್ಟ್‌ಮ್ಯಾನ್ ಕೂಡ. ನಾನು ಸ್ಕ್ರೂ ಡ್ರೈವರ್ ಕೈಗೆ ತಗೊಂಡರೆ ಕೈ ಮೇಲೆ ಪೆಟ್ಟು. ಟೈರಿನ ಅಂಚನ್ನು ಎರಡೂ ಕಡೆಯಿಂದ ರಿಮ್ಮಿನ ನಡುವಿನ ಹಳ್ಳಕ್ಕೆ ಹಿಂಡುತ್ತಾ ಬಂದರೆ ಮೂತಿಯ ಎದುರಿನ ತುದಿಯಲ್ಲಿ ಸಡಿಲ ಸಿಗುತ್ತೆ, ಅಲ್ಲಿಂದ ಹೆಬ್ಬೆರಳಲ್ಲೇ ಏಳಿಸಬಹುದು. ಹೊಸ ಟ್ಯೂಬಿಗೆ ಮೊದಲು ಒಂದಿಷ್ಟು ಗಾಳಿ ಊದಿ ದುಂಡಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ರಿಮ್ಮಿಗೂ ಟೈರಿಗೂ ನಡುವೆ ಚಿವುಟಿ ಮತ್ತೆ ಪಂಚರ್.

ಎಲ್ಲಕ್ಕಿಂತ ಮುಖ್ಯ, ಹೊಸ ಟ್ಯೂಬನ್ನು ಒಳಗೆ ಹಾಕುವ ಮುಂಚೆ ಟೈರಿನೊಳಗೆ ಬೆರಳಾಡಿಸಬೇಕು. ನನ್ನ ಟೈರಲ್ಲಿ ನಾನು ಎರಡು ಸುತ್ತು ಆಡಿಸಿ ಏನೂ ಇಲ್ಲ ಅಂದೆ. ‘ಇನ್ನೊಂದ್ಸಲ, ಕಣ್ಮುಚ್ಕೊಂಡು’ ಅಂದರು. ಕಣ್ಣು ಮುಚ್ಚಿದ ಮೇಲೆ ಸಿಕ್ಕಿತು: ಲಾರಿ ಟೈರು ಸಿಡಿದಾಗ ಹೆದ್ದಾರಿ ತುಂಬಾ ಚೆಲ್ಲುತ್ತಲ್ಲ, ಆ ಉಕ್ಕಿನ ತಂತಿಯ ತುಣುಕು, ರೆಪ್ಪೆ ಕೂದಲಷ್ಟು ಸಣ್ಣದು. ಒಳಗೆ ಎರಡು ಮಿಲಿಮೀಟರ್ ಇಣುಕಿತ್ತು. ಅದನ್ನು ಬಿಟ್ಟು ಟ್ಯೂಬ್ ಹಾಕಿದ್ದರೆ ಒಂದು ಫರ್ಲಾಂಗ್ ಕೂಡ ಹೋಗುತ್ತಿರಲಿಲ್ಲ.

ಮೊದಲ ದಿನ ನನಗೆ 26 ನಿಮಿಷ ಹಿಡಿಯಿತು. ಈಗ 9. ನರ್ಸಮ್ಮ 7 ನಿಮಿಷದಲ್ಲಿ ಮುಗಿಸುತ್ತಾಳೆ, ಅವಳ ಕೈ ಮೊದಲಿಂದಲೂ ಅಂಥದ್ದು. ಮೇಷ್ಟ್ರ ಬಗ್ಗೆ ಬರೆಯದಿರುವುದೇ ವಾಸಿ.

ಇನ್ನು ಚಿಲ್ಲರೆ ಉಪಕಾರಗಳು ಎಷ್ಟೋ. ನರ್ಸಮ್ಮ ಮಗನ ಸೈಕಲ್ ಹೊಡೆದು ಮೊಣಕಾಲು ನೋವು ಅಂತಿದ್ದಳು, ಮಾತ್ರೆಯನ್ನೂ ನುಂಗುತ್ತಿದ್ದಳು. ಅವಳು ಬೀದಿಯಲ್ಲಿ ಬರುತ್ತಿದ್ದುದನ್ನು ನೋಡಿಯೇ ಯಜಮಾನ್ರು ಸೀಟು ಮೂರು ಬೆರಳು ಎತ್ತರಿಸಿದರು. ಪೆಡ್ಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗೆ ನಿಲ್ಲಬೇಕು, ಅವರ ಲೆಕ್ಕ ಅಷ್ಟೇ. ಮಾತ್ರೆ ನಿಂತಿತು. ಟ್ರಯಾತ್ಲಾನಿನಲ್ಲಿ ಹ್ಯಾಂಡಲ್ಲಿನ ಎರಡೂ ತುದಿ ಮುಚ್ಚಿರಬೇಕು ಅಂತಲೂ ನಿಯಮವಿದೆ, ಬಿದ್ದಾಗ ತೆರೆದ ಕೊಳವೆ ಮೈಗೆ ನಾಟಬಾರದು ಅಂತ. ನನ್ನದರ ಒಂದು ಬಿರಡೆ ಎಲ್ಲೋ ಬಿದ್ದುಹೋಗಿತ್ತು. ಮೇಷ್ಟ್ರು ಶಾಲೆಯ ಲ್ಯಾಬಿನಿಂದ ಒಂದು ಕಾರ್ಕ್ ತಂದರು, ಯಜಮಾನ್ರು ಅರ ಹಾಕಿ ಉಜ್ಜಿ ಬಿಗಿಯಾಗಿ ಕೂರಿಸಿದರು. ಶೋರೂಮಿನಲ್ಲಿ ಇದೇ ಜಾಗಕ್ಕೆ ಒಂದು ಜೊತೆ ಪ್ಲಾಸ್ಟಿಕ್ 250 ರೂಪಾಯಿಗೆ ತೋರಿಸಿದ್ದರು.

ಹೋಗುವವರಿಗೆ: ಕಾರ್ಡ್ ನಡೆಯಲ್ಲ, ಫೋನ್ ಪೇ ಮೊಮ್ಮಗ ಇದ್ದರೆ ಮಾತ್ರ. ಅಂಗಡಿ ತೆಗೆಯುವ ಹೊತ್ತನ್ನು ಯಾರೂ ಹೇಳಲಾರರು. ಹಾಸನಾಂಬೆ ಗುಡಿ ವರ್ಷಕ್ಕೊಂದೇ ಸಲ ತೆಗೆದರೂ ಯಾವತ್ತು ಅಂತ ಮೊದಲೇ ಗೊತ್ತಿರುತ್ತೆ, ಇಲ್ಲಿ ಅದೂ ಇಲ್ಲ. ಕಾರ್ಬನ್ ಫ್ರೇಮ್ ತಂದರೆ ‘ನಂಗೆ ಗೊತ್ತಿಲ್ಲ, ಬೆಂಗ್ಳೂರಿಗೆ ತಗೊಂಡೋಗಿ’ ಅಂತ ನೇರವಾಗಿ ಹೇಳುತ್ತಾರೆ, ಮುಟ್ಟುವುದಿಲ್ಲ. ಬಿಳಿ ಹ್ಯಾಂಡಲ್ ಟೇಪ್ ಇದ್ದರೆ ಆಸೆ ಬಿಡಿ, ಗ್ರೀಸಿನ ಬೆರಳಚ್ಚು ಖಾತ್ರಿ. ನನ್ನದು ಈಗ ಕಪ್ಪು ಟೇಪ್.

ನಿನ್ನೆ ಮೂರೂ ಸೈಕಲ್ ಓವರಾಲಿಂಗ್ ಮುಗಿಸಿ ತಂದೆವು. ಇನ್ನು ಒಂಬತ್ತು ದಿನ ಇದೆ. ಸ್ಪೇರ್ ಟ್ಯೂಬು, ಸಣ್ಣ ಪಂಪು ಎಲ್ಲಿಡೋದು ಅಂತ ನಾವು ಆನ್‌ಲೈನಿನಲ್ಲಿ ಚೀಲ ಹುಡುಕುತ್ತಿದ್ದರೆ, ಯಜಮಾನ್ರು ಹಳೇ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ಸೀಟಿನ ಕೆಳಗೆ ಮೂರೂ ಸೈಕಲ್ಲಿಗೆ ಕಟ್ಟಿಬಿಟ್ಟರು. ಆಮೇಲೆ ಗೋಡೆಗೆ ನೇತುಹಾಕಿದ್ದ ಸ್ಲೇಟು ಇಳಿಸಿದರು. ನಾವು ಚಿಕ್ಕವರಿದ್ದಾಗ ಬಾಡಿಗೆ ಸೈಕಲ್ ತಗೊಂಡು ಹೊರಟ ಗಂಟೆಯನ್ನು ಬರೆದಿಡುತ್ತಿದ್ದುದು ಇದರಲ್ಲೇ. ಹತ್ತು ನಿಮಿಷ ತಡವಾದರೆ ಅರ್ಧ ಗಂಟೆಯ ದುಡ್ಡು ಹೆಚ್ಚಿಗೆ ಕೀಳುತ್ತಿದ್ದರು.

‘ಎಷ್ಟೊತ್ತಿಗೆ ಶುರು?’

‘ಬೆಳಗ್ಗೆ ಆರೂವರೆಗೆ.’

ಬಳಪದಲ್ಲಿ 6.30 ಅಂತ ಬರೆದು ಕೆಳಗೆ ಮೂರು ಗೀಟು ಹಾಕಿದರು. ವಾಪಸ್ ಎಷ್ಟೊತ್ತಿಗೆ ಅಂತ ಕೇಳಿದ್ದಕ್ಕೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಆ ಜಾಗ ಖಾಲಿ ಬಿಟ್ಟು ಸ್ಲೇಟನ್ನು ಮೊಳೆಗೆ ಸಿಕ್ಕಿಸಿದರು.